ಪಠ್ಯದಲ್ಲಿಲ್ಲದ ಪ್ಯಾಸೇಜು: ಉತ್ತರ ಹಿಂದಿನ ಸಾಲಿನಲ್ಲಿದೆ

ಕೇಳುಗರಿಗೆ ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಬರೆಯಲಿರುವ ಹತ್ತನೇ ತರಗತಿಯ ಮಕ್ಕಳಿಗಾಗಿ ಈ ಹೊತ್ತಿನ ಮಾತು. ಒಂಬತ್ತನೆಯವರಿಗೆ ಇನ್ನೂ ಹೆಚ್ಚು ಪ್ರಯೋಜನ, ಅವರ ಕೈಯಲ್ಲಿ ಸಮಯವಿದೆ. ಹತ್ತಿರದಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಇದ್ದರೆ ತೆಗೆದಿಟ್ಟುಕೊಳ್ಳಿ. ನಡುವೆ ಒಂದು ಸಣ್ಣ ಪ್ಯಾರಾ ಓದುತ್ತೇನೆ.

ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆ ಇಂಗ್ಲಿಷ್ ಪತ್ರಿಕೆ 80 ಅಂಕದ್ದು, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನದ್ದು. ಆ 80ರಲ್ಲಿ ಪಠ್ಯದಲ್ಲಿಲ್ಲದ ಪ್ಯಾಸೇಜಿಗೆ ಈಚಿನ ಪತ್ರಿಕೆಗಳಲ್ಲಿ ಸಿಗುವುದು 4 ಅಂಕ. ಒಂದು ಪ್ಯಾರಾ, ಅದರ ಕೆಳಗೆ ಎರಡೆರಡು ಅಂಕದ ಎರಡು ಪ್ರಶ್ನೆ. ನಾಲ್ಕೇ ತಾನೇ ಎಂದು ಇದನ್ನು ಕೊನೆಗೆ ತಳ್ಳುವವರೇ ಜಾಸ್ತಿ. ಆದರೆ ಬಾಯಿಪಾಠದ ಹಂಗಿಲ್ಲದ ನಾಲ್ಕು ಅಂಕ ಇವು. ಉತ್ತರ ನಿಮ್ಮ ಡೆಸ್ಕಿನ ಮೇಲೇ ಅಚ್ಚಾಗಿ ಬಿದ್ದಿರುತ್ತದೆ. ಪಾಠದ ಒಂದು ಮಾತು ಕೊಟ್ಟು, ಪದ್ಯದ ನಾಲ್ಕು ಸಾಲು ಕೊಟ್ಟು ಕೇಳುವ ಪ್ರಶ್ನೆಗಳಿಗೂ ಇದೇ ಅಭ್ಯಾಸ ಒದಗುತ್ತದೆ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಂತೂ 80ರಲ್ಲಿ 20 ಅಂಕ ಹೀಗೆ ಓದಿ ಉತ್ತರಿಸುವುದಕ್ಕೇ ಮೀಸಲು.

ಕಣ್ಣೆದುರಿಗಿರುವ ಉತ್ತರ ತಪ್ಪಿಹೋಗುವುದು ಹೇಗೆ? ಹೆಚ್ಚಿನ ಮಕ್ಕಳು ಮಾಡುವುದಿಷ್ಟು: ಪ್ರಶ್ನೆಯಲ್ಲಿ ಒಂದು ದಪ್ಪ ಪದ ಹಿಡಿಯುತ್ತಾರೆ, ಪ್ಯಾರಾದಲ್ಲಿ ಅದೇ ಪದ ಎಲ್ಲಿದೆ ಎಂದು ಹುಡುಕುತ್ತಾರೆ, ಸಿಕ್ಕ ಸಾಲನ್ನು ಹಾಗೇ ಇಳಿಸಿಬಿಡುತ್ತಾರೆ. ಒಂದು ಅಂಕದ ನೇರ ಪ್ರಶ್ನೆಗೆ ಇದು ಕೆಲವು ಸಲ ನಡೆಯುತ್ತದೆ. ಎರಡು ಅಂಕದ ಪ್ರಶ್ನೆ ಮಾಡುವವರಿಗೆ ಈ ಚಾಳಿ ಚೆನ್ನಾಗಿ ಗೊತ್ತು. ಪದ ಒಂದು ಸಾಲಿನಲ್ಲಿ, ಉತ್ತರ ಅದರ ಹಿಂದಿನ ಅಥವಾ ಮುಂದಿನ ಸಾಲಿನಲ್ಲಿ ಇರುವಂತೆ ಪ್ರಶ್ನೆ ಇಡುತ್ತಾರೆ.

ಈಗ ಪ್ಯಾರಾ ಓದುತ್ತೇನೆ. ಆರೇ ವಾಕ್ಯ. ನಿಧಾನವಾಗಿ ಓದುತ್ತೇನೆ, ಬರೆದುಕೊಳ್ಳಿ.

"ದ ಸಿಲ್ಕ್‌ವರ್ಮ್ ಈಟ್ಸ್ ಓನ್ಲಿ ಮಲ್ಬರಿ ಲೀವ್ಸ್. ಇಟ್ ಶೆಡ್ಸ್ ಇಟ್ಸ್ ಸ್ಕಿನ್ ಫೋರ್ ಟೈಮ್ಸ್ ಬಿಫೋರ್ ಇಟ್ ಈಸ್ ಫುಲ್ಲಿ ಗ್ರೋನ್. ದೆನ್ ಇಟ್ ಸ್ಟಾಪ್ಸ್ ಈಟಿಂಗ್ ಅಂಡ್ ಲುಕ್ಸ್ ಫಾರ್ ಎ ಪ್ಲೇಸ್ ಟು ಸ್ಪಿನ್. ಫಾರ್ಮರ್ಸ್ ಮೂವ್ ಸಚ್ ವರ್ಮ್ಸ್ ಟು ಬ್ಯಾಂಬೂ ಫ್ರೇಮ್ಸ್ ಕಾಲ್ಡ್ ಚಂದ್ರಿಕೇಸ್. ಇಫ್ ದ ಶೆಡ್ ಈಸ್ ಡ್ಯಾಂಪ್ ಅಟ್ ದಿಸ್ ಟೈಮ್, ದ ಥ್ರೆಡ್ ಡಸ್ ನಾಟ್ ಅನ್‌ವೈಂಡ್ ಈಸಿಲಿ ಲೇಟರ್, ಅಂಡ್ ದ ಕಕೂನ್ಸ್ ಫೆಚ್ ಎ ಲೋ ಪ್ರೈಸ್. ಫಾರ್ ದಿಸ್ ರೀಸನ್, ಫಾರ್ಮರ್ಸ್ ಕೀಪ್ ದ ಶೆಡ್ ಏರಿ ಡ್ಯೂರಿಂಗ್ ದೋಸ್ ಫ್ಯೂ ಡೇಸ್."

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಟ್ಟು, ಪೂರ್ತಿ ಬೆಳೆದು, ಚಂದ್ರಿಕೆ ಎಂಬ ಬಿದಿರಿನ ಚೌಕಟ್ಟು ಹತ್ತುವ ಕತೆ. ಇದಕ್ಕೆ ಎರಡು ಪ್ರಶ್ನೆ. ಮೊದಲನೆಯದು: "ವಿಚ್ ವರ್ಮ್ಸ್ ಡು ಫಾರ್ಮರ್ಸ್ ಮೂವ್ ಟು ದ ಚಂದ್ರಿಕೇಸ್?" ಎರಡನೆಯದು: "ವೈ ಡು ಫಾರ್ಮರ್ಸ್ ಕೀಪ್ ದ ಶೆಡ್ ಏರಿ?"

ಪದ ಹುಡುಕುವ ಹುಡುಗ ಮೊದಲ ಪ್ರಶ್ನೆಗೆ ನಾಲ್ಕನೇ ವಾಕ್ಯ ಇಳಿಸುತ್ತಾನೆ: "ಫಾರ್ಮರ್ಸ್ ಮೂವ್ ಸಚ್ ವರ್ಮ್ಸ್..." ಸಾಲೇನೋ ಸರಿಯಾದದ್ದೇ. ಆದರೆ ಕೇಳಿದ್ದು ಯಾವ ಹುಳು ಎಂದು, ಬರೆದದ್ದು ಅಂಥ ಹುಳು ಎಂದು. ಅಂಥ ಎಂದರೆ ಎಂಥ? ಅದು ಮೂರನೇ ವಾಕ್ಯದಲ್ಲಿದೆ: ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಜಾಗ ಹುಡುಕುವ ಹುಳು. ಎರಡನೇ ಪ್ರಶ್ನೆಗೆ ಅದೇ ಹುಡುಗ ಕೊನೆಯ ವಾಕ್ಯ ಬರೆಯುತ್ತಾನೆ, "ಫಾರ್ ದಿಸ್ ರೀಸನ್" ಸಮೇತ. ಪ್ರಶ್ನೆಯನ್ನೇ ತಿರುಗಿ ಬರೆದಂತಾಯಿತು. ಕಾರಣವೆಲ್ಲ ಅದರ ಹಿಂದಿನ ವಾಕ್ಯದಲ್ಲಿ ಉಳಿದುಹೋಯಿತು.

ಆದ್ದರಿಂದ ಪೆನ್ಸಿಲ್ಲಿನ ಮೊದಲ ಕೆಲಸ ಬೆರಳು ತೋರುವ ಪದಗಳಿಗೆ ಸುತ್ತು ಹಾಕುವುದು. ಇಟ್, ಹೀ, ದೆ, ದಿಸ್, ದಟ್, ದೀಸ್, ದೋಸ್, ಸಚ್, ಒನ್, ದೇರ್ ಇಂಥವು. ಪ್ರತಿ ಸುತ್ತಿನಿಂದ ಒಂದು ಬಾಣ ಎಳೆದು, ಅದು ಯಾವುದನ್ನು ತೋರಿಸುತ್ತದೋ ಅಲ್ಲಿಗೆ ಮುಟ್ಟಿಸಿ. ಈ ಪ್ಯಾರಾದಲ್ಲಿ "ಸಚ್ ವರ್ಮ್ಸ್" ಒಂದು, "ಅಟ್ ದಿಸ್ ಟೈಮ್" ಒಂದು, "ದಿಸ್ ರೀಸನ್" ಒಂದು, "ದೋಸ್ ಫ್ಯೂ ಡೇಸ್" ಇನ್ನೊಂದು. ಈ ನಾಲ್ಕು ಬಾಣ ಸರಿಯಾಗಿ ಬಿದ್ದರೆ ಎರಡೂ ಪ್ರಶ್ನೆ ಮುಗಿದಂತೆಯೇ. ಮೊದಲ ಹತ್ತು ಪ್ಯಾಸೇಜುಗಳಲ್ಲಿ ಉತ್ತರವನ್ನೇ ಬರೆಯದೆ ಬರೀ ಬಾಣ ಎಳೆದರೂ ತಪ್ಪಿಲ್ಲ. ಬೇಸರದ ಕೆಲಸ, ಒಪ್ಪಿದೆ. ಆದರೆ ಗೈಡಿನ ಐವತ್ತು ಉತ್ತರ ನಕಲು ಮಾಡುವುದಕ್ಕಿಂತ ಇದರಿಂದ ಹೆಚ್ಚು ಗಿಟ್ಟುತ್ತದೆ.

ಶಿಡ್ಲಘಟ್ಟ, ರಾಮನಗರದ ಕಡೆಯ ಮಕ್ಕಳಿಗೆ ಒಂದು ಎಚ್ಚರಿಕೆ. ನಿಮ್ಮ ಮನೆಯಲ್ಲಿ ಹುಳು ಮೇಯಿಸುತ್ತಿದ್ದರೆ, ಶೆಡ್ಡಿಗೆ ಗಾಳಿ ಬೇಕಾದದ್ದು ಸುಣ್ಣಕಟ್ಟು ರೋಗ ಬಾರದಿರಲೆಂದು ಎಂದು ಬರೆಯುವ ಆಸೆಯಾಗುತ್ತದೆ. ತೇವಕ್ಕೆ ಆ ರೋಗ ಬರುವುದು ನಿಜ. ಆದರೆ ಈ ಪ್ಯಾರಾ ರೋಗದ ಮಾತೇ ಎತ್ತಿಲ್ಲ, ಅಂಕವೂ ಬರುವುದಿಲ್ಲ. ಗೊತ್ತಿರುವ ವಿಷಯದ ಪ್ಯಾಸೇಜು ಬಂದಾಗ ಜಾಣ ಮಕ್ಕಳೇ ಎಡವುವುದು ಇಲ್ಲಿ. ಇದಕ್ಕೆ ಮದ್ದು ಸುಲಭ: ಉತ್ತರ ಬರೆಯುವ ಮೊದಲು ಅದಕ್ಕೆ ಆಧಾರವಾದ ಸಾಲಿನ ಕೆಳಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಸಾಲು ಸಿಗದಿದ್ದರೆ ಆ ಉತ್ತರ ನಿಮ್ಮದು, ಪ್ಯಾರಾದ್ದಲ್ಲ.

ಇನ್ನು ಗೊತ್ತಿಲ್ಲದ ಪದಗಳು. ಪ್ರತಿ ಪದದ ನೆತ್ತಿಯ ಮೇಲೆ ಕನ್ನಡ ಅರ್ಥ ಬರೆಯುವ ರೂಢಿ ಬಹಳ ಶಾಲೆಗಳಲ್ಲಿದೆ. ಪಾಠಕ್ಕೆ ಅದು ಆದೀತು, ಪ್ಯಾಸೇಜಿಗೆ ಬೇಡ. ಪರೀಕ್ಷೆಯಲ್ಲಿ ಅರ್ಥ ಹೇಳಲು ಯಾರೂ ಇರುವುದಿಲ್ಲ. ನಾಲ್ಕನೇ ಪದಕ್ಕೆ ನಿಂತರೆ ವಾಕ್ಯದ ತಲೆಬುಡ ಮರೆತಿರುತ್ತದೆ. ಗೊತ್ತಿಲ್ಲದ ಪದ ಬಂದಾಗ ಮೂರು ವಿಷಯ ನೋಡಿ. ಅದು ಪ್ರಶ್ನೆಗೆ ಬೇಕಾದ ಸಾಲಿನಲ್ಲಿ ಇದೆಯೇ? ಇಲ್ಲದಿದ್ದರೆ ದಾಟಿಬಿಡಿ. ಅದರೊಳಗೆ ಗೊತ್ತಿರುವ ತುಂಡು ಇದೆಯೇ? "ಅನ್‌ವೈಂಡ್" ಎಂಬುದರಲ್ಲಿ "ಅನ್" ಇದೆ, ಎಂದರೆ ಸುತ್ತಿದ್ದನ್ನು ಬಿಚ್ಚುವುದು. ಅಕ್ಕಪಕ್ಕದ ಪದ ಏನು ಹೇಳುತ್ತದೆ? "ಫೆಚ್" ಎಂದರೆ ಹೋಗಿ ತರುವುದು ಎಂದಷ್ಟೇ ಗೊತ್ತಿದ್ದರೆ ಗೂಡು ಹೋಗಿ ಏನು ತರುತ್ತದೆ ಎಂದು ಗಾಬರಿಯಾಗುತ್ತದೆ. ಪಕ್ಕದಲ್ಲೇ "ಲೋ ಪ್ರೈಸ್" ಇದೆಯಲ್ಲ, ಕಡಿಮೆ ಬೆಲೆ ಸಿಗುತ್ತದೆ ಎಂದು ತಾನೇ ಹೊಳೆಯುತ್ತದೆ.

ಕಷ್ಟದ ಪದಗಳಿಗಿಂತ ಹೆಚ್ಚು ಅಂಕ ಕಳೆಯುವುದು ಸುಲಭವೆಂದು ಕಾಣುವ ಸಣ್ಣ ಪದಗಳು. "ದ ಬಸ್ ವಿಲ್ ನಾಟ್ ಸ್ಟಾಪ್ ಅನ್‌ಲೆಸ್ ಯು ವೇವ್" ಎಂಬ ವಾಕ್ಯ ಕೊಟ್ಟು ನೋಡಿ. ಕೈ ಬೀಸಿದರೆ ಬಸ್ಸು ನಿಲ್ಲುವುದಿಲ್ಲ ಎಂದು ಎಷ್ಟೋ ಮಕ್ಕಳು ಹೇಳುತ್ತಾರೆ. ಇರುವುದು ತದ್ವಿರುದ್ಧ: ಕೈ ಬೀಸದಿದ್ದರೆ ನಿಲ್ಲುವುದಿಲ್ಲ. "ಹಾರ್ಡ್ಲಿ ಸ್ಪೋಕ್" ಎಂದರೆ ಗಟ್ಟಿಯಾಗಿ ಮಾತಾಡಿದಳು ಎಂದುಕೊಳ್ಳುತ್ತಾರೆ. ಅವಳು ಮಾತಾಡಿದ್ದೇ ಇಲ್ಲವೆನ್ನುವಷ್ಟು ಕಡಿಮೆ. "ಟೂ ಟಯರ್ಡ್ ಟು ವಾಕ್" ಎಂದರೆ ನಡೆಯಲಾರದಷ್ಟು ದಣಿದಿದ್ದ, "ನಾಟ್" ಇಲ್ಲದೆಯೂ ಇಲ್ಲ ಎಂಬ ಅರ್ಥ. ಆಲ್ದೋ, ಇನ್‌ಸ್ಟೆಡ್ ಆಫ್, ಎಕ್ಸೆಪ್ಟ್, ವಿದೌಟ್, ಫ್ಯೂ, ನೈದರ್ ಇವನ್ನೂ ಸೇರಿಸಿ ಒಂದು ಪುಟ ಮಾಡಿ. ಒಂದೊಂದಕ್ಕೆ ನಿಮ್ಮದೇ ಎರಡು ವಾಕ್ಯ ಬರೆದು ಮೇಷ್ಟ್ರಿಗೋ ಮೇಡಂಗೋ ತೋರಿಸಿ. ಹನ್ನೆರಡು ಪದ ಸಾಕು, ಇನ್ನೂರು ಬೇಡ.

ಉದ್ದ ವಾಕ್ಯದ ತೊಡಕು ಬೇರೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿ ನಡುವೆಯೇ ಬಂದು ಕೂತಿರುತ್ತದೆ, ಅದೂ ಎರಡೆರಡು. "ದ ಟ್ಯಾಂಕ್ ದಟ್ ದ ವಿಲೇಜರ್ಸ್ ಕ್ಲೀನ್ಡ್ ಲಾಸ್ಟ್ ಸಮ್ಮರ್ ಫಿಲ್ಡ್ ಇನ್ ಒನ್ ವೀಕ್." ಒಂದು ವಾರದಲ್ಲಿ ತುಂಬಿದ್ದು ಏನು ಎಂದು ಕೇಳಿದರೆ "ಲಾಸ್ಟ್ ಸಮ್ಮರ್" ಎಂಬ ಉತ್ತರವೂ ಬರುತ್ತದೆ, "ಫಿಲ್ಡ್" ಪಕ್ಕದಲ್ಲಿ ಅದೇ ಇದೆಯಲ್ಲ! "ದಟ್"ನಿಂದ "ಸಮ್ಮರ್"ವರೆಗೆ ಬೆರಳಿಟ್ಟು ಮುಚ್ಚಿ. ಉಳಿಯುವುದು "ದ ಟ್ಯಾಂಕ್ ಫಿಲ್ಡ್ ಇನ್ ಒನ್ ವೀಕ್." ಹೂ, ವಿಚ್, ದಟ್ ಕಂಡಲ್ಲೆಲ್ಲ ಹೀಗೆ ಮುಚ್ಚಿ ಓದಿ, ಆಮೇಲೆ ತೆಗೆದು ಓದಿ.

ಉತ್ತರ ಬರೆಯುವಾಗ ಪ್ರಶ್ನೆಯನ್ನೇ ಉತ್ತರದ ಮೊದಲರ್ಧ ಮಾಡಿಕೊಳ್ಳುವುದು ಒಳ್ಳೆಯ ದಾರಿ. ಪ್ರಶ್ನೆಯ ಪದ ತೆಗೆಯಿರಿ, ಡು ತೆಗೆಯಿರಿ: "ಫಾರ್ಮರ್ಸ್ ಕೀಪ್ ದ ಶೆಡ್ ಏರಿ ಬಿಕಾಸ್..." ಮುಂದಕ್ಕೆ ಎರಡು ಅಂಶ: ತೇವವಿದ್ದರೆ ನೂಲು ಸುಲಭವಾಗಿ ಬಿಚ್ಚುವುದಿಲ್ಲ, ಗೂಡಿಗೆ ಕಡಿಮೆ ಬೆಲೆ ಸಿಗುತ್ತದೆ. ಎರಡು ಅಂಕಕ್ಕೆ ಎರಡು ಅಂಶ ಎಂದು ಲೆಕ್ಕವಿಟ್ಟುಕೊಳ್ಳಿ. ಡಸ್ ತೆಗೆದಾಗ ಕ್ರಿಯಾಪದಕ್ಕೆ ಎಸ್ ಸೇರಬೇಕು, ಡಿಡ್ ತೆಗೆದಾಗ ಅದು ಭೂತಕಾಲಕ್ಕೆ ಹೋಗಬೇಕು. "ವೇರ್ ಡಿಡ್ ದ ಬಾಯ್ ಗೋ" ಎಂದು ಕೇಳಿದ್ದಕ್ಕೆ "ದ ಬಾಯ್ ಡಿಡ್ ವೆಂಟ್" ಎಂಬುದು ಹತ್ತನೇ ತರಗತಿಯ ಅತಿ ಸಾಮಾನ್ಯ ತಪ್ಪು. "ದ ಬಾಯ್ ವೆಂಟ್" ಸಾಕು. ಪ್ಯಾರಾ "ಐ", "ಮೈ" ಎಂದು ತನ್ನ ಕತೆ ಹೇಳುತ್ತಿದ್ದರೆ ಉತ್ತರದಲ್ಲಿ ಅದನ್ನು "ದ ರೈಟರ್", "ಹಿಸ್" ಅಥವಾ "ಹರ್" ಎಂದು ಬದಲಿಸಬೇಕು. ಇಲ್ಲದಿದ್ದರೆ ಲೇಖಕರ ಅಜ್ಜಿ ನಿಮ್ಮ ಅಜ್ಜಿಯಾಗುತ್ತಾರೆ.

ಅಭ್ಯಾಸಕ್ಕೆ ಪ್ಯಾಸೇಜು ಎಲ್ಲಿಂದ? ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಹಳೆಯ ಪ್ರಶ್ನೆಪತ್ರಿಕೆಗಳು ಮೊದಲು. ಅವನ್ನು ಮೊದಲ ವಾರವೇ ಖರ್ಚು ಮಾಡಬೇಡಿ, ಕೊನೆಯ ಎರಡು ತಿಂಗಳಿಗೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಇನ್ನೊಂದು ದಾರಿ ಇದೆ. ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನದ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷ್ ಮಾಧ್ಯಮಕ್ಕಾಗಿ ಇಂಗ್ಲಿಷಿನಲ್ಲೂ ಇದೆ. ನೀವು ಎಂಟು, ಒಂಬತ್ತರಲ್ಲಿ ಕನ್ನಡದಲ್ಲಿ ಓದಿದ ಪಾಠದ ಇಂಗ್ಲಿಷ್ ಪುಟ ತೆರೆದು, ನೂರರಿಂದ ನೂರೈವತ್ತು ಪದದ ಒಂದು ಪ್ಯಾರಾ ಆರಿಸಿ. ವಿಷಯ ಗೊತ್ತಿರುವುದರಿಂದ ಇಂಗ್ಲಿಷಿನ ಮೇಲಷ್ಟೇ ಗಮನ ಹೋಗುತ್ತದೆ. ಇಬ್ಬರು ಸೇರಿ ಮಾಡಿದರೆ ಮತ್ತೂ ಚೆಂದ: ಒಬ್ಬರು ಎರಡು ಪ್ರಶ್ನೆ ಮಾಡಿ, ಇನ್ನೊಬ್ಬರು ಉತ್ತರಿಸಿ. ಒಂದು ವೈ, ಒಂದು ವಿಚ್ ಅಥವಾ ಹೌ. ಪ್ರಶ್ನೆ ಮಾಡಲು ಕಲಿತವರಿಗೆ ಉತ್ತರ ಎಲ್ಲಿ ಅಡಗುತ್ತದೆ ಎಂಬುದು ಬೇಗ ತಿಳಿಯುತ್ತದೆ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೇ ಪ್ಯಾಸೇಜು, ಇಪ್ಪತ್ತು ನಿಮಿಷ. ಮೊದಲು ಪ್ರಶ್ನೆಗಳನ್ನು ಓದಿ. ಆಮೇಲೆ ಪ್ಯಾರಾವನ್ನು ಪೆನ್ಸಿಲ್ ಮುಟ್ಟದೆ ಒಂದು ಸಲ ಪೂರ್ತಿ ಓದಿ, ನಿಲ್ಲಬೇಡಿ. ಎರಡನೇ ಓದಿನಲ್ಲಿ ಸುತ್ತು, ಬಾಣ, ಗೆರೆ. ನಂತರ ಬರೆಯಿರಿ. ಇದಕ್ಕೆ ಹತ್ತು ನಿಮಿಷ ಸಾಕು. ಉಳಿದ ಹತ್ತು ನಿಮಿಷ ತಪ್ಪು ನೋಡುವುದಕ್ಕೆ, ಮಕ್ಕಳು ಬಿಟ್ಟುಬಿಡುವುದು ಇದನ್ನೇ. ತಪ್ಪಾದ ಪ್ರತಿ ಉತ್ತರದ ಮುಂದೆ ಯಾಕೆ ತಪ್ಪಾಯಿತು ಎಂದು ಬರೆಯಿರಿ: ಪ್ರಶ್ನೆ ಸರಿಯಾಗಿ ಓದಲಿಲ್ಲವೇ, ಸಾಲು ಸಿಗಲಿಲ್ಲವೇ, ಸಾಲು ಸಿಕ್ಕೂ ಅರ್ಥವಾಗಲಿಲ್ಲವೇ, ಅರ್ಥವಾಗಿಯೂ ವಾಕ್ಯ ಕೆಟ್ಟಿತೇ. ಹತ್ತು ಪ್ಯಾಸೇಜು ಆಗುವಷ್ಟರಲ್ಲಿ ಒಂದು ಕಾರಣ ಉಳಿದವಕ್ಕಿಂತ ಹೆಚ್ಚು ಸಲ ಬಂದಿರುತ್ತದೆ. ಮುಂದಿನ ಎರಡು ವಾರ ಅದೊಂದರ ಮೇಲೇ ಕೂರಿ. ವಾಕ್ಯ ಕೆಡುವವರಿಗೆ ಇನ್ನಷ್ಟು ಪ್ಯಾಸೇಜಿನಿಂದ ಉಪಯೋಗವಿಲ್ಲ, ಅವರು ಪ್ರಶ್ನೆಯನ್ನು ಉತ್ತರವಾಗಿ ತಿರುಗಿಸುವ ಅಭ್ಯಾಸ ಮಾಡಬೇಕು.

ಶಿಕ್ಷಕರಿಗೆ ಒಂದು ಮಾತು. ಪ್ಯಾಸೇಜನ್ನು ನೀವು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ವಿವರಿಸಿ, ಆಮೇಲೆ ಪ್ರಶ್ನೆ ಕೇಳಿದರೆ ಮಕ್ಕಳು ಅಭ್ಯಾಸ ಮಾಡುವುದು ನಿಮ್ಮ ಕನ್ನಡವನ್ನು ಕೇಳುವುದು. ಹತ್ತು ನಿಮಿಷ ತರಗತಿ ಸದ್ದಿಲ್ಲದೆ ಓದಲಿ. ವಿವರಣೆ ಉತ್ತರ ಬರೆದಾದ ಮೇಲೆ ಬರಲಿ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಪ್ಯಾಸೇಜನ್ನು ಒಂದು ಸಲ ಓದಿಬಿಡಿ. ಆಗ ಬರೆಯುವಂತಿಲ್ಲ, ಓದಲು ಅಡ್ಡಿಯಿಲ್ಲ. ಬರೆಯುವಾಗ ಈ ನಾಲ್ಕು ಅಂಕಕ್ಕೆ ಎಂಟರಿಂದ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಪತ್ರ, ಪ್ರಬಂಧ ಮುಗಿಸಿ ಕೈ ಸೋತ ಮೇಲೆ ಇದಕ್ಕೆ ಬರುವ ಬದಲು ಮೊದಲ ಅರ್ಧದಲ್ಲೇ ಮುಗಿಸಿಕೊಳ್ಳಿ, ಓದಿಗೆ ಚುರುಕು ಬುದ್ಧಿ ಬೇಕು.

ಎಷ್ಟು ಓದಿದರೂ ಒಂದು ಪ್ರಶ್ನೆ ಬಗೆಹರಿಯದಿದ್ದರೆ ಖಾಲಿ ಬಿಡಬೇಡಿ. ಹಾಗೆಂದು ಇಡೀ ಪ್ಯಾರಾ ಇಳಿಸಲೂ ಬೇಡಿ, ಅದರೊಳಗಿಂದ ಉತ್ತರ ಹೆಕ್ಕುವುದು ಮೌಲ್ಯಮಾಪಕರ ಕೆಲಸವಲ್ಲ. ಪ್ರಶ್ನೆಯ ಪದ ಸಿಕ್ಕಿದ ಸಾಲಿನ ಹಿಂದಿನ ಸಾಲು ನೋಡಿ, ಎರಡನ್ನೂ ಸೇರಿಸಿ, ದಿಸ್ ಅಥವಾ ಸಚ್ ಇದ್ದ ಜಾಗದಲ್ಲಿ ಅದು ತೋರಿಸುವ ಪದ ಇಟ್ಟು ಒಂದು ವಾಕ್ಯ ಬರೆಯಿರಿ. ಪಕ್ಕದಲ್ಲಿ ಪ್ರಶ್ನೆಯ ಸಂಖ್ಯೆ, ಎ ಅಥವಾ ಬಿ, ಸರಿಯಾಗಿ ಹಾಕಿದ್ದೀರಾ ನೋಡಿಕೊಂಡು ಮುಂದಿನದಕ್ಕೆ ಹೋಗಿ. ನಮಸ್ಕಾರ.