ಜಾಗ ಅದೇ ಹುಡುಕಿಕೊಳ್ಳಲಿ: ಹೊಸ ಅನಿಮೋನ್ ಮನೆಗೆ ಬಂದಾಗ

ಎಲ್ಲರಿಗೂ ನಮಸ್ಕಾರ.

ಅನಿಮೋನ್ ಅಂದರೆ ಉಪ್ಪುನೀರಿನ ಟ್ಯಾಂಕಿನಲ್ಲಿ ಸಾಕುವ ಒಂದು ಕಡಲಜೀವಿ. ನನ್ನ ಮೊದಲ ಅನಿಮೋನ್ ಬದುಕಿದ್ದು ಒಂಬತ್ತೇ ದಿನ. ಒಂಬತ್ತನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಟ್ಯಾಂಕಿನ ನೀರು ಹಾಲು ಕಲಕಿದ ಹಾಗಿತ್ತು. ರಾತ್ರಿ ಅದು ನಡೆದುಕೊಂಡು ಹೋಗಿ ಪಂಪಿನ ಬಾಯಿಗೆ ಸಿಕ್ಕಿಕೊಂಡಿತ್ತು. ಅದು ಕೊಳೆತ ನೀರಿನಲ್ಲಿ ಜೊತೆಗಿದ್ದ ಎರಡು ಮೀನುಗಳೂ ಸತ್ತವು. ಆ ಬೆಳಗ್ಗೆ ನನಗಾದ ಸಂಕಟ ಇಲ್ಲಿ ಯಾರಿಗೂ ಆಗಬಾರದು. ಅದಕ್ಕೇ ಹೊಸದಾಗಿ ಅನಿಮೋನ್ ತರುತ್ತೇನೆ ಅನ್ನುವವರನ್ನೆಲ್ಲ ನಾನು ಮೊದಲು ಕೇಳುವುದು ಇಷ್ಟೇ: ಪಂಪಿನ ಬಾಯಿಗೆ ಸ್ಪಂಜೋ ಜಾಲರಿಯೋ ಕಟ್ಟಿದ್ದೀರಾ?

ನೋಡೋಕೆ ಹೂವಿನ ಹಾಗಿದ್ದರೂ ಅದು ಪ್ರಾಣಿ. ಬೇರಿಲ್ಲ, ಪಾದ ಇದೆ. ಇಟ್ಟ ಜಾಗ ಹಿಡಿಸದಿದ್ದರೆ ಎದ್ದು ಹೊರಡುತ್ತದೆ. ಅದು ಹುಡುಕುವುದು ಮೂರನ್ನು: ಪಾದ ಊರಿ ಅವಿತುಕೊಳ್ಳಲು ಒಂದು ಬಿರುಕು, ಹದವಾಗಿ ಹರಿಯುವ ನೀರು, ಮತ್ತೆ ಬೆಳಕು. ಬೆಳಕು ಯಾಕೆ ಅಂದರೆ, ಕ್ಲೌನ್ ಮೀನು ವಾಸ ಮಾಡುವ ಅನಿಮೋನ್‌ಗಳ ಮೈಯೊಳಗೆ ಜೂಜ್ಯಾಂಥೆಲ್ಲೆ ಅನ್ನುವ ಸೂಕ್ಷ್ಮ ಪಾಚಿ ಇರುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಅನಿಮೋನ್‌ಗೇ ಕೊಡುತ್ತದೆ. ಆ ಪಾಚಿಯ ಬಣ್ಣ ಕಂದು.

ಅಂಗಡಿಯಲ್ಲಿ ಅಚ್ಚ ಬಿಳಿ ಅನಿಮೋನ್ ಕಂಡರೆ ಮನಸ್ಸು ಸೋಲುವುದು ಸಹಜ. ಆದರೆ ಆ ಬಿಳುಪು ಅಂದ ಅಲ್ಲ, ಪಾಚಿ ಕಳೆದುಕೊಂಡ ಹಸಿವು. ಕಣ್ಣು ಕುಕ್ಕುವ ಹಳದಿ ಕಂಡರೂ ಅನುಮಾನಪಡಿ, ಬಣ್ಣ ಹಾಕಿ ಮಾರುವುದೂ ಉಂಟು. ಆಮೇಲೆ ಬಾಯಿ ನೋಡಿ, ಬಿಗಿಯಾಗಿ ಮುಚ್ಚಿರಬೇಕು. ಪಾದ ನೋಡಿ. ಕಲ್ಲಿನಿಂದ ಕಿತ್ತು ತೆಗೆಯುವಾಗ ಪಾದ ಹರಿದಿದ್ದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ, ಅಂಥದ್ದು ಉಳಿಯುವುದು ಕಷ್ಟ. ಮೊದಲ ಸಲ ಸಾಕುವವರಿಗೆ ಬಬಲ್ ಟಿಪ್ ಜಾತಿಯೇ ಸರಿ ಅಂತ ನನ್ನ ಅಭಿಪ್ರಾಯ. ಮ್ಯಾಗ್ನಿಫಿಕಾ ಅನ್ನುವ ಜಾತಿ ಎಷ್ಟೇ ಚೆಂದ ಇದ್ದರೂ ಸದ್ಯಕ್ಕೆ ಬೇಡ.

ಟ್ಯಾಂಕ್ ಹೊಸದಾಗಿದ್ದರೆ ಕಾಯಿರಿ. ಕನಿಷ್ಠ 6 ತಿಂಗಳು, ನನ್ನನ್ನು ಕೇಳಿದರೆ ಒಂದು ವರ್ಷ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಉಷ್ಣತೆ 25-26 ಡಿಗ್ರಿ ಸೆಲ್ಸಿಯಸ್, ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.025ರ ಆಸುಪಾಸು. ಈ ಅಂಕಿಗಳಿಗಿಂತ ಮುಖ್ಯವಾದದ್ದು ಅವು ದಿನಾ ಹಾಗೇ ಇರುವುದು. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ ಅಲ್ವಾ? ಹಾಗಾಗಿ ಇಳಿದ ಮಟ್ಟ ತುಂಬಿಸಲು ಉಪ್ಪಿಲ್ಲದ ಆರ್‌ಓ ನೀರು ಹಾಕಬೇಕು. ಇನ್ನೊಂದು ಮಾತು, ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧಿ ಅನಿಮೋನ್‌ಗೆ ವಿಷ. ಆ ಟ್ಯಾಂಕಿನೊಳಗೆ ಅದು ಬೀಳಲೇಬಾರದು.

ಇನ್ನು ಮನೆಗೆ ತಂದ ದಿನ. ಅನಿಮೋನ್ ಮೈಯಲ್ಲಿ ತುಂಬಿಕೊಂಡಿರುವುದೇ ಸುತ್ತಲಿನ ಉಪ್ಪುನೀರು. ಮೀನಿಗಿರುವ ಹಾಗೆ ಉಪ್ಪನ್ನು ಹದದಲ್ಲಿಟ್ಟುಕೊಳ್ಳಲು ಅದಕ್ಕೆ ಕಿಡ್ನಿ ಇಲ್ಲ, ಕಿವಿರು ಇಲ್ಲ. ಚೀಲ ಬಿಚ್ಚಿ ಸುಮ್ನೆ ಟ್ಯಾಂಕಿಗೆ ಸುರಿದರೆ ದೊಡ್ಡ ಏಟು ಬೀಳುತ್ತದೆ. ನಾನು ಹೀಗೆ ಮಾಡುತ್ತೇನೆ: ಚೀಲವನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟು, ಆಮೇಲೆ ಅನಿಮೋನನ್ನು ಚೀಲದ ನೀರಿನ ಸಮೇತ ಒಂದು ಡಬ್ಬಿಗೆ ಹಾಕುತ್ತೇನೆ. ಗಾಳಿ ಪಂಪಿನ ಸಣ್ಣ ಪೈಪಿಗೆ ಸಡಿಲವಾಗಿ ಒಂದು ಗಂಟು ಹಾಕಿ, ಟ್ಯಾಂಕಿನ ನೀರು ಅದರೊಳಗೆ ತೊಟ್ಟು ತೊಟ್ಟಾಗಿ ಬೀಳುವಂತೆ ಮಾಡುತ್ತೇನೆ. ಸೆಕೆಂಡಿಗೆ ಎರಡು-ಮೂರು ತೊಟ್ಟು, ಒಂದು ಗಂಟೆಗಿಂತ ಜಾಸ್ತಿ. ಎರಡೂ ಕಡೆಯ ಉಪ್ಪಿನಂಶ ಒಂದೇ ಆದ ಮೇಲೆ ಕೈಗವಸು ಹಾಕಿಕೊಂಡು ಎತ್ತಿ, ಬಂಡೆಯ ಬಿರುಕಿನ ಹತ್ತಿರ ಪಾದ ಕೆಳಗೆ ಬರುವಂತೆ ಇಡುತ್ತೇನೆ. ಡಬ್ಬಿಯ ನೀರು ಟ್ಯಾಂಕಿಗೆ ಬೇಡ, ಚೆಲ್ಲಿಬಿಡಿ. ಪಾದ ಹಿಡಿಯುವವರೆಗೆ ನೀರಿನ ರಭಸ ಕಡಿಮೆ ಇರಲಿ, ದೀಪ ಮಂದವಾಗಿರಲಿ. ಬೆಳಕನ್ನು ಒಂದೆರಡು ವಾರದಲ್ಲಿ ನಿಧಾನವಾಗಿ ಏರಿಸಿ.

ಮೊದಲ ರಾತ್ರಿ ನೀವು ಗಾಬರಿಯಾಗುತ್ತೀರಿ. ತಟ್ಟೆಯಗಲ ಅರಳಿದ್ದದ್ದು ನಿಂಬೆಹಣ್ಣಿನಷ್ಟಾಗಿ ಮುದುಡಿರುತ್ತದೆ. ಬಾಯಿಂದ ಕಂದು ಬಣ್ಣದ ಲೋಳೆಯ ಎಳೆಗಳು ಹೊರಬರುತ್ತವೆ. ಒಳಗಿನ ಹಳೇ ನೀರನ್ನೂ ಕಸವನ್ನೂ ಹೊರಹಾಕಲು ಅದಕ್ಕೆ ಇರುವುದು ಆ ಒಂದೇ ಬಾಯಿ. ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬುತ್ತದೆ. ಕೈ ಹಾಕಬೇಡಿ. ಮುಟ್ಟಿ ನೋಡುವುದು, ಜಾಗ ಬದಲಿಸುವುದು, ಕೋಲಿನಿಂದ ತಟ್ಟುವುದು ಯಾವುದೂ ಬೇಡ. ಆದರೆ ಬಾಯಿ ಹಾಗೇ ತೆರೆದುಕೊಂಡು ಉಳಿದರೆ, ಪಾದ ಏನನ್ನೂ ಹಿಡಿಯದಿದ್ದರೆ, ಮೈ ಚೂರುಚೂರಾಗಿ ಕಳಚಿ ಕೆಟ್ಟ ವಾಸನೆ ಬಂದರೆ ಅದು ಬೇರೆ ಮಾತು. ಆಗ ತಡಮಾಡದೆ ಹೊರಗೆ ತೆಗೆಯಿರಿ. ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಆದರೂ ಉಳಿದ ಜೀವಗಳಿಗಾಗಿ ತೆಗೆಯಲೇಬೇಕು.

ಮೊದಲ ವಾರ ಊಟ ಕೊಡಬೇಡಿ. ಆಮೇಲೆ ವಾರಕ್ಕೊಮ್ಮೆ, ಅದರ ಬಾಯಿಗಿಂತ ಚಿಕ್ಕದಾದ ಸೀಗಡಿ ಚೂರು ಸಾಕು. ದೊಡ್ಡ ತುಂಡು ಕೊಟ್ಟರೆ ಮರುದಿನ ಹಾಗೇ ಉಗುಳುತ್ತದೆ. ಕ್ಲೌನ್ ಮೀನು ಇಲ್ಲದೆಯೂ ಅನಿಮೋನ್ ಬದುಕುತ್ತದೆ. ಪಾದವೂರದ ಹೊಸ ಅನಿಮೋನ್‌ಗೆ ಮೀನು ದಿನವಿಡೀ ಮೈ ತಿಕ್ಕಿ ಹಿಂಸೆ ಕೊಡುವುದೂ ಇದೆ. ನಾನಂತೂ ಮೀನನ್ನು ಆಮೇಲೆ ಬಿಡುತ್ತೇನೆ.

ಇಷ್ಟೆಲ್ಲ ತಾಳ್ಮೆ ಯಾಕೆ ಅನ್ನಿಸಬಹುದು. 1828ರಲ್ಲಿ ಸ್ಕಾಟ್ಲೆಂಡಿನ ಪ್ರಕೃತಿ ವಿಜ್ಞಾನಿ ಸರ್ ಜಾನ್ ಡಾಲಿಯೆಲ್ ಕಡಲ ತೀರದಿಂದ ಒಂದು ಅನಿಮೋನ್ ತಂದು ಗಾಜಿನ ಜಾರಿನಲ್ಲಿಟ್ಟು ಸಾಕಿದರು. 1851ರಲ್ಲಿ ಅವರು ತೀರಿಕೊಂಡರು. ಅದು ಬದುಕಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ, ಜನರಿಂದ ‘ಗ್ರ್ಯಾನಿ’, ಅಂದರೆ ಅಜ್ಜಿ, ಅನ್ನಿಸಿಕೊಂಡು 1887ರವರೆಗೂ ಬಾಳಿತು. ಅದು ತಣ್ಣೀರಿನ ಜಾತಿ, ನಮ್ಮ ಬಬಲ್ ಟಿಪ್ ಹಾಗೆ ಬೆಳಕನ್ನು ನಂಬಿಕೊಂಡದ್ದಲ್ಲ. ಆದರೂ ಆ ಅಜ್ಜಿಯನ್ನು ನೆನೆದಾಗಲೆಲ್ಲ, ಒಂಬತ್ತು ದಿನಕ್ಕೆ ಹೋದ ನನ್ನ ಅನಿಮೋನ್ ಕಣ್ಣ ಮುಂದೆ ಬರುತ್ತದೆ.

ಈಗ ಮನೆಯಲ್ಲಿ ಇರುವುದಕ್ಕೆ ನಾಲ್ಕು ವರ್ಷ. ಟ್ಯಾಂಕಿನ ನಡುವೆ, ಎಲ್ಲರಿಗೂ ಕಾಣುವ ಬಂಡೆಯ ಮೇಲೆ ನಾನು ಇಟ್ಟಿದ್ದೆ. ಮೂರು ದಿನ ಅಲೆದು ಅದು ಹಿಂಬದಿಯ ಗಾಜಿನ ಪಕ್ಕದ ಬಿರುಕು ಸೇರಿಕೊಂಡಿತು. ಎದುರಿನಿಂದ ನೋಡಿದರೆ ನಾಲ್ಕೈದು ಗ್ರಹಣಾಂಗಗಳ ತುದಿ ಬಿಟ್ಟು ಏನೂ ಕಾಣುವುದಿಲ್ಲ. ನಾನು ಕುರ್ಚಿಯನ್ನು ಟ್ಯಾಂಕಿನ ಪಕ್ಕಕ್ಕೆ ಎಳೆದುಕೊಂಡಿದ್ದೇನೆ.