ಡೈವೋರ್ಸ್ ಆದ್ರೆ ಆಸ್ತಿ ಅರ್ಧ ಅರ್ಧ, ಸರಿ. ಯಾವುದರ ಅರ್ಧ?

ನಮಸ್ಕಾರ. ಡೈವೋರ್ಸ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ, "ಅರ್ಧ ಆಸ್ತಿ ಹೋಯ್ತು ಬಿಡಿ". ಭಾರತದ ಮಟ್ಟಿಗೆ ಇದು ಹೆಚ್ಚುಕಮ್ಮಿ ಸುಳ್ಳು. ಅರ್ಧ ಕೊಡಿಸುವ ಕಾನೂನು ಇರುವ ಕಡೆಯೂ ಜಗಳ ಆಗುವುದು ಅರ್ಧದ ಬಗ್ಗೆ ಅಲ್ಲ. ಯಾವ ಆಸ್ತಿ ಲೆಕ್ಕಕ್ಕೆ ಬರಬೇಕು, ಯಾವ ದಿನಕ್ಕೆ ಲೆಕ್ಕ ನಿಲ್ಲಿಸಬೇಕು ಅನ್ನೋದಕ್ಕೆ.

[ಸ್ಕ್ರೀನ್ ಮೇಲೆ: ಪತ್ರದಲ್ಲಿ ಯಾರ ಹೆಸರಿದೆ?]

ಮೊದಲು ನಮ್ಮ ದೇಶ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಮದುವೆ ಆದ ಮೇಲೆ ಗಳಿಸಿದ್ದನ್ನೆಲ್ಲ ಇಬ್ಬರಿಗೂ ಸಮವಾಗಿ ಹಂಚಿ ಅನ್ನುವ ನಿಯಮವೇ ಇಲ್ಲ. 27ನೇ ಸೆಕ್ಷನ್ ಇದೆ, ಆದರೆ ಅದು ಮದುವೆ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಿದ ಉಡುಗೊರೆಗಳ ಬಗ್ಗೆ. ಜೀವನಾಂಶ ಬೇರೆ. ಅದನ್ನು ಕೊಡಿಸುವಾಗ ಕೋರ್ಟ್ ಇಬ್ಬರ ಆದಾಯ, ಆಸ್ತಿ ಎರಡನ್ನೂ ನೋಡುತ್ತದೆ, ಹಾಗಂತ ಅದು ಆಸ್ತಿಯಲ್ಲಿ ಪಾಲಲ್ಲ. ಇನ್ನು ಹೆಂಡತಿಗೆ ಬಂದ ಒಡವೆ, ಉಡುಗೊರೆ ಸ್ತ್ರೀಧನ. ಗಂಡನ ಮನೆಯ ಬೀರುವಿನಲ್ಲಿದ್ದರೂ ಅದು ಪೂರ್ತಿ ಅವಳದ್ದೇ. ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು.

ಉಳಿದಂತೆ ಪತ್ರದಲ್ಲಿ ಹೆಸರಿದ್ದವರದ್ದೇ ಆಸ್ತಿ. ಕೆಲಸ ಬಿಟ್ಟು ಮನೆ, ಮಕ್ಕಳು, ಅತ್ತೆ ಮಾವನನ್ನು ನೋಡಿಕೊಂಡವಳ ಹೆಸರು ಆ ಪತ್ರದಲ್ಲಿ ಇಲ್ಲ ಅಂದರೆ, ತನಗೂ ಅದರಲ್ಲಿ ಪಾಲಿದೆ ಅಂತ ಸಾಬೀತು ಮಾಡಲು ಅವಳೇ ಒದ್ದಾಡಬೇಕು. ನನ್ನ ಪ್ರಕಾರ ಇದು ಅನ್ಯಾಯ.

ಗೋವಾದಲ್ಲಿ ಮಾತ್ರ ಬೇರೆ ಥರ. ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಅಲ್ಲಿ ಈಗಲೂ ನಡೆಯುತ್ತಿದೆ. ಮದುವೆಗೆ ಮುಂಚೆ ಬೇರೆ ಒಪ್ಪಂದ ಮಾಡಿಕೊಂಡಿಲ್ಲ ಅಂದರೆ ಇಬ್ಬರ ಆಸ್ತಿಯೂ ಒಂದಾಗುತ್ತದೆ.

[ಸ್ಕ್ರೀನ್ ಮೇಲೆ: ಜರ್ಮನಿಯ ಲೆಕ್ಕ]

ನನಗೆ ಇಷ್ಟವಾದ ಪದ್ಧತಿ ಜರ್ಮನಿಯದು. ಅಲ್ಲಿ ಹಂಚುವುದು ಆಸ್ತಿಯನ್ನಲ್ಲ, ಮದುವೆ ನಡೆದಷ್ಟು ಕಾಲ ಆದ ಏರಿಕೆಯನ್ನು. ಗಂಡ ಮದುವೆಯಾದಾಗ ಅವನ ಹತ್ತಿರ 20,000 ಯೂರೋ ಇತ್ತು, ಕೊನೆಗೆ 1,20,000 ಆಯಿತು ಅಂದುಕೊಳ್ಳಿ. ಹೆಂಡತಿಯದ್ದು ಸೊನ್ನೆಯಿಂದ 40,000. ಅವನ ಏರಿಕೆ ಒಂದು ಲಕ್ಷ, ಅವಳದ್ದು 40,000, ವ್ಯತ್ಯಾಸ 60,000. ಅದರ ಅರ್ಧ, ಅಂದರೆ 30,000 ಯೂರೋ ಅವನು ಅವಳಿಗೆ ದುಡ್ಡಾಗಿ ಕೊಡಬೇಕು. ಬೆಲೆ ಏರಿಕೆಗೆ ತಕ್ಕಂತೆ ಶುರುವಿನ ಮೊತ್ತವನ್ನು ಸರಿಪಡಿಸುತ್ತಾರೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಲೆಕ್ಕ ನಿಲ್ಲುವುದು ಡೈವೋರ್ಸ್ ಸಿಕ್ಕ ದಿನಕ್ಕಲ್ಲ, ಅರ್ಜಿ ಇನ್ನೊಬ್ಬರ ಕೈ ಸೇರಿದ ದಿನಕ್ಕೆ. ಕೇಸ್ ಎಳೆಯುತ್ತಾ ಕೂತು ಆಸ್ತಿ ಕರಗಿಸಿಬಿಡೋಣ ಅನ್ನೋರಿಗೆ ಒಳ್ಳೇ ಬೀಗ, ಅಲ್ವಾ?

ಕ್ಯಾಲಿಫೋರ್ನಿಯಾದಲ್ಲಿ ಮದುವೆ ಆದ ಮೇಲಿನ ಗಳಿಕೆ ಇಬ್ಬರದ್ದು, ಸಮ ಸಮ. ಬೇರೆಯಾದ ದಿನದಿಂದ ಯಾರ ಸಂಬಳ ಅವರದ್ದು. ಅಪ್ಪ ಅಮ್ಮ ಬಿಟ್ಟುಹೋದ ದುಡ್ಡು ಹಂಚಿಕೆಗೆ ಬರುವುದಿಲ್ಲ. ಆದರೆ ಆ ದುಡ್ಡನ್ನು ಇಬ್ಬರ ಸಂಬಳ ಬೀಳುವ ಜಂಟಿ ಖಾತೆಗೆ ಹಾಕಿ, ಅದರಿಂದಲೇ ದಿನಸಿ, ಫೀಸು, ಬಾಡಿಗೆ ಎಲ್ಲ ಕಟ್ಟುತ್ತಾ ಹೋದರೆ, ಉಳಿದದ್ದರಲ್ಲಿ ನಿಮ್ಮದೆಷ್ಟು ಅಂತ ಹೇಗೆ ತೋರಿಸುತ್ತೀರಿ? ಹಳೇ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಒಂದೊಂದೇ ಸಾಲು ತೋರಿಸಬೇಕು. ಆಗಲಿಲ್ಲವೋ, ಅದೂ ಇಬ್ಬರದ್ದೇ.

ಇಂಗ್ಲೆಂಡಿನಲ್ಲಿ ಇಂಥ ಪಕ್ಕಾ ಸೂತ್ರ ಇಲ್ಲ, ಜಡ್ಜ್ ತೂಗಿ ನೋಡಿ ಹಂಚುತ್ತಾರೆ. 2000ದಲ್ಲಿ ಬಂದ ವೈಟ್ ದಂಪತಿ ಪ್ರಕರಣ ಅಲ್ಲಿ ದೊಡ್ಡ ತಿರುವು. ಹೊರಗೆ ದುಡಿದವರು ಮೇಲು, ಮನೆ ನೋಡಿಕೊಂಡವರು ಕೀಳು ಅನ್ನುವ ಭೇದ ಮಾಡಬಾರದು ಅಂತ ಆ ತೀರ್ಪು ಹೇಳಿತು.

[ಸ್ಕ್ರೀನ್ ಮೇಲೆ: ಸಾಲ?]

ಆಸ್ತಿ ಅಂದಾಗ ಎಲ್ಲರೂ ಮರೆಯುವುದು ಸಾಲವನ್ನು. ಹೋಮ್ ಲೋನ್‌ಗೆ ಇಬ್ಬರೂ ಸಹಿ ಹಾಕಿದ್ದೀರಿ. "ಇನ್ನು ಮೇಲೆ ಕಂತು ಗಂಡನೇ ಕಟ್ಟಬೇಕು" ಅಂತ ಡೈವೋರ್ಸ್ ಆದೇಶದಲ್ಲಿ ಬರೆದಿದ್ದಾರೆ. ಅದು ನಿಮ್ಮಿಬ್ಬರ ಮಧ್ಯದ ಮಾತು. ಅವನು ಕಂತು ತಪ್ಪಿಸಿದರೆ ಬ್ಯಾಂಕ್ ನಿಮಗೂ ನೋಟಿಸ್ ಕಳಿಸುತ್ತದೆ, ಕ್ರೆಡಿಟ್ ಸ್ಕೋರ್ ಬಿದ್ದರೆ ನಿಮ್ಮದೂ ಬೀಳುತ್ತದೆ. ಹಾಗಾಗಿ ಮನೆ ಅವನಿಗೆ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕುವ ಮೊದಲೇ, ಲೋನ್‌ನಿಂದ ನಿಮ್ಮ ಹೆಸರು ತೆಗೆದಿದ್ದೇವೆ ಅಂತ ಬ್ಯಾಂಕಿನಿಂದ ಬರಹದಲ್ಲಿ ತೆಗೆದುಕೊಳ್ಳಿ. ಬ್ಯಾಂಕ್ ಒಪ್ಪದಿದ್ದರೆ ಅವನ ಒಬ್ಬನ ಹೆಸರಿನಲ್ಲಿ ಹೊಸ ಲೋನ್ ಆಗಬೇಕು. ಅದೂ ಆಗದಿದ್ದರೆ ಮನೆ ಮಾರಿ ಸಾಲ ತೀರಿಸಿ, ಮಿಕ್ಕಿದ್ದರ ಹಂಚಿಕೆ ಆಮೇಲೆ ಮಾತಾಡಿ.