ವಜ್ರಾಕೃತಿಯೊಳಗೆ ಪ್ರಶ್ನೆ ಎಲ್ಲಿ?

ನಮಸ್ಕಾರ. ಇವತ್ತು ನನ್ನದೊಂದು ತಕರಾರು ಇದೆ. ತರಬೇತಿ ಶಿಬಿರಗಳಲ್ಲಿ ಫ್ಲೋಚಾರ್ಟ್ (ಕೆಲಸದ ಹಂತಗಳನ್ನು ಬಾಣಗಳಿಂದ ಜೋಡಿಸಿದ ಚಿತ್ರ) ಎಂದು ತೋರಿಸುವ ಸ್ಲೈಡ್‌ಗಳಲ್ಲಿ ವಜ್ರಾಕೃತಿಯೇನೋ ಇರುತ್ತದೆ, ಅದರೊಳಗೆ 'ಪರಿಶೀಲನೆ' ಎಂದು ಬರೆದಿರುತ್ತದೆ! ಪರಿಶೀಲನೆ ಒಂದು ಕೆಲಸ, ಅದಕ್ಕೆ ಆಯತ ಸಾಕು. ವಜ್ರಾಕೃತಿಯಲ್ಲಿ ಇರಬೇಕಾದದ್ದು ಪ್ರಶ್ನೆ.

ಮಾಹಿತಿ ಹಕ್ಕು ಕಾಯ್ದೆಯನ್ನೇ ನೋಡಿ. ಅರ್ಜಿ ಕೊಟ್ಟ ಮೇಲೆ ಎರಡು ಬಾಣ ಎಳೆಯುತ್ತಾರೆ: ಮಾಹಿತಿ ಕೊಟ್ಟರು, ನಿರಾಕರಿಸಿದರು. ಅರ್ಜಿ ಹಾಕಿದವರನ್ನು ಕೇಳಿ, ಕಚೇರಿ ಎರಡನ್ನೂ ಮಾಡದೆ ಸುಮ್ಮನೆ ಕುಳಿತಿರಬಹುದು. 30 ದಿನಗಳಲ್ಲಿ ತೀರ್ಮಾನ ತಿಳಿಸದಿದ್ದರೆ ಅದು ನಿರಾಕರಣೆಗೇ ಸಮ ಎನ್ನುತ್ತದೆ 2005ರ ಆ ಕಾಯ್ದೆ. ಚಿತ್ರದಲ್ಲಿ ಆ ದಾರಿ ಕಾಣದಿದ್ದರೆ ಅರ್ಜಿದಾರರು ಅಂಚೆಯವನ ದಾರಿ ಕಾಯುತ್ತಾ ಮೇಲ್ಮನವಿಗೆ ಇರುವ ಮುಂದಿನ 30 ದಿನಗಳನ್ನೂ ಕಳೆದುಕೊಳ್ಳುತ್ತಾರೆ. ಆದ್ದರಿಂದ '30 ದಿನಗಳಲ್ಲಿ ಮಾಹಿತಿ ಬಂದಿತೇ?' ಎಂದು ಬರೆಯಿರಿ. ಮೌನವೂ ನಿರಾಕರಣೆಯೂ 'ಇಲ್ಲ' ಎಂಬ ಒಂದೇ ಬಾಣ ಹಿಡಿದು ಮೊದಲ ಮೇಲ್ಮನವಿಗೆ ಹೋಗುತ್ತವೆ. ಅಲ್ಲೂ ಬಗೆಹರಿಯದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗ.

ಅರ್ಜಿಯನ್ನು ಬೇರೆ ಕಚೇರಿಗೆ ವರ್ಗಾಯಿಸಲು 5 ದಿನ, ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಿದ್ದರೆ ಮಾಹಿತಿ ಕೊಡಲು 48 ಗಂಟೆ. ಇವೂ ಇರಲಿ ಎನ್ನುವಿರಾ? ಇರಲಿ, ಕೈಗೆ ಕೊಡುವ ಹಾಳೆಯಲ್ಲಿ. ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಓದಲಾಗದ್ದು ಸ್ಲೈಡ್ ಮೇಲೆ ಇದ್ದೇನು ಪ್ರಯೋಜನ?

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಷ್ಟವಿದೆ. ಪವರ್‌ಪಾಯಿಂಟ್‌ನ ವಜ್ರಾಕೃತಿಯಲ್ಲಿ ಅಕ್ಷರಗಳಿಗೆ ಸಿಗುವುದು ಅದು ಹಿಡಿದ ಜಾಗದ ಕಾಲುಭಾಗ. 'ಪ್ರಥಮ ಮೇಲ್ಮನವಿ ಪ್ರಾಧಿಕಾರದ ಆದೇಶ ತೃಪ್ತಿಕರವೇ' ಎಂದು ತುಂಬಿದರೆ ಪದಗಳು ಅಂಚು ದಾಟುತ್ತವೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ. ಆಗ ಅಕ್ಷರ ಚಿಕ್ಕದು ಮಾಡುತ್ತಾರೆ. ಮಾತನ್ನೇ ಚಿಕ್ಕದು ಮಾಡಬಾರದೇ? 'ಆದೇಶ ಒಪ್ಪಿಗೆಯೇ?' ಎಂದರೆ ಯಾರಿಗೆ ಅರ್ಥವಾಗುವುದಿಲ್ಲ?

ಚಿಹ್ನೆಗಳ ಮಡಿ ಬೇಡ. ಫ್ಲೋಚಾರ್ಟ್ ಚಿಹ್ನೆಗಳಿಗೆಂದೇ ಇರುವ 1985ರ ಐಎಸ್‌ಒ 5807 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಬೇಕಾದಷ್ಟು ಆಕೃತಿಗಳಿವೆ. ಸಭೆಗೆ ಆರಂಭ, ಕೆಲಸ, ಪ್ರಶ್ನೆ ಇಷ್ಟು ಸಾಕು. ಬಾಣಗಳನ್ನು ಮಾತ್ರ ಬರಿಯ ಗೆರೆಯಾಗಿ ಎಳೆಯಬೇಡಿ. ಆಕೃತಿಗಳನ್ನು ಜೋಡಿಸಲೆಂದೇ ಪವರ್‌ಪಾಯಿಂಟ್‌ನಲ್ಲಿರುವ ಕನೆಕ್ಟರ್ ಗೆರೆ ಬಳಸಿ, ತುದಿಯನ್ನು ಆಕೃತಿಯ ಅಂಚಿನ ಬಿಂದುವಿಗೆ ಅಂಟಿಸಿ. ಹಿಂದಿನ ರಾತ್ರಿ ಸಾಹೇಬರು 'ಇಲ್ಲೊಂದು ಚೌಕ ಸೇರಿಸಿ' ಎಂದಾಗ, ಆಕೃತಿಗಳನ್ನು ಸರಿಸಿದರೆ ಬಾಣಗಳೂ ಜೊತೆಗೇ ಸರಿಯುತ್ತವೆ. ಆ ಚೌಕ ನಿಜವಾಗಿಯೂ ಬೇಕೇ ಎಂದು ಅವರನ್ನು ಕೇಳುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು.